ಸೂಜಿಯಲ್ಲಿ ಮುಗಿಯುವುದಕ್ಕೆ ಕೊಡಲಿ ಏಕೆ?

"ಆರೋಗ್ಯದ ಬಗ್ಗೆ ಏನಾದರೂ ಬರೆದು ಕೊಡಿ ಡಾಕ್ಟ್ರೇ, ಆದರೆ ಪಾಠ ಬೇಡ, ಕಥೆಯ ಹಾಗಿರಲಿ" ಎಂದು ನಮ್ಮ ಸಂಪಾದಕರು ಕೇಳಿ ಎರಡು ತಿಂಗಳಾಯಿತು. ಬರೆಯಲು ಕುಳಿತಾಗಲೆಲ್ಲ ಒಂದು ಅಳುಕು. ಸಕ್ಕರೆ ಕಾಯಿಲೆಯ ಚುಚ್ಚುಮದ್ದಿನ ಚರಿತ್ರೆ ಬರೆಯಬೇಕೆಂದು ಮನಸ್ಸಿನಲ್ಲಿತ್ತು. ಆದರೆ ಅದನ್ನು ಪ್ರಾಮಾಣಿಕವಾಗಿ ಬರೆಯಬೇಕಾದರೆ ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಮನೆಯ ಫ್ರಿಜ್ಜಿನಿಂದಲೇ ಶುರು ಮಾಡಬೇಕಾಗುತ್ತದೆ. ಆಗಲಿ, ಅಲ್ಲಿಂದಲೇ ಶುರು ಮಾಡುತ್ತೇನೆ.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದದ್ದು 2011ರಲ್ಲಿ. ಮೊದಲು ಒಂದು ಮಾತ್ರೆ, ಆಮೇಲೆ ಎರಡು. ಇತ್ತೀಚೆಗೆ ಎರಡೂ ಸಾಲದೆ ಹೋದವು. ಮೂರು ತಿಂಗಳ ಸರಾಸರಿ ತೋರಿಸುವ 'ಎ-ಒನ್-ಸಿ' ಪರೀಕ್ಷೆ 8.6ಕ್ಕೆ ಏರಿತು. ನನ್ನನ್ನು ನೋಡುವ ವೈದ್ಯೆ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. "ಬೇರೆಯವರಿಗೆ ನೀವು ಏನು ಹೇಳುತ್ತೀರೋ ಅದನ್ನೇ ನಾನು ನಿಮಗೆ ಹೇಳುತ್ತಿದ್ದೇನೆ" ಎಂದು ನಕ್ಕು, ವಾರಕ್ಕೊಂದು ಬಾರಿ ಚುಚ್ಚಿಕೊಳ್ಳುವ ಹೊಸ ಮದ್ದು, ಟಿರ್ಜೆಪಟೈಡ್, ಬರೆದುಕೊಟ್ಟರು. ನಾಲ್ಕು ಪೆನ್ನುಗಳ ಆ ಡಬ್ಬಿಯನ್ನು ತಂದು ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ, ಕರಿಬೇವಿನ ಕವರಿನ ಹಿಂದೆ ಇಟ್ಟೆ. ಇಟ್ಟೆ ಎಂದರೆ ಬಚ್ಚಿಟ್ಟೆ. ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಚುಚ್ಚಿಕೊಂಡೆ.

ಮೂರನೆಯ ವಾರ ನನ್ನ ಶ್ರೀಮತಿ ಕರಿಬೇವು ಹುಡುಕುವಾಗ ಡಬ್ಬಿ ಸಿಕ್ಕಿಬಿತ್ತು. "ಏನ್ರೀ ಇದು? ಕ್ಲಿನಿಕ್ಕಿನಲ್ಲಿ ದಿನಾ ಹತ್ತು ಜನಕ್ಕೆ ಧೈರ್ಯ ಹೇಳಿ ಬರ್ತೀರಿ. ಮನೇಲಿ ಕಳ್ಳನ ಹಾಗೆ ಬಚ್ಚಿಟ್ಟು ಚುಚ್ಚಿಕೊಳ್ತೀರಿ!" ಎಂದಳು. ಅವಳಿಗೆ ನೋವಾದದ್ದು ಮದ್ದಿನಿಂದಲ್ಲ, ಮುಚ್ಚಿಟ್ಟದ್ದರಿಂದ. ನನ್ನ ಬಳಿ ಉತ್ತರವಿರಲಿಲ್ಲ. ಇಷ್ಟೆಲ್ಲ ಓದಿದ ನಾನು ಏಕೆ ಬಚ್ಚಿಟ್ಟೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೊರಟಾಗ ಮೊದಲು ನೆನಪಾದವರು ಅರಸೀಕೆರೆಯ ನಮ್ಮ ದೊಡ್ಡಪ್ಪ.

ದೊಡ್ಡಪ್ಪನ ನೀಲಿ ಸೀಸೆ

1970ರ ದಶಕದ ಕೊನೆಯ ಮಾತು. ನಾನು ಹತ್ತು ವರ್ಷದ ಹುಡುಗ. ದೊಡ್ಡಪ್ಪನಿಗೆ 'ಸಿಹಿಮೂತ್ರ' ಎಂದು ಮನೆಯಲ್ಲಿ ಮೆಲ್ಲಗೆ ಮಾತನಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಹಿತ್ತಿಲ ಕಟ್ಟೆಯ ಮೇಲೆ ಅವರ ಪ್ರಯೋಗಶಾಲೆ ತೆರೆಯುತ್ತಿತ್ತು. ಗಾಜಿನ ನಳಿಗೆಯಲ್ಲಿ ಬೆನೆಡಿಕ್ಟ್ ದ್ರಾವಣವೆಂಬ ನೀಲಿ ನೀರು, ಅದಕ್ಕೆ ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದ ಮೇಲೆ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಇನ್ನಷ್ಟು, ಕಿತ್ತಳೆಯಾದರೆ ಹೆಚ್ಚು, ಇಟ್ಟಿಗೆಯ ಕೆಂಪಾದರೆ ವಿಪರೀತ. ಆ ಬಣ್ಣಗಳು ನಮಗೆ ಮಕ್ಕಳಿಗೆ ತಮಾಷೆ. ಇಟ್ಟಿಗೆ ಬಣ್ಣ ಬಂದ ದಿನ ದೊಡ್ಡಮ್ಮ ಮಾತ್ರ ಒಳಗೆ ಹೋಗಿ ಸುಮ್ಮನೆ ಕುಳಿತುಬಿಡುತ್ತಿದ್ದರು.

ಹಾಸನದ ವೈದ್ಯರು "ಇನ್ನು ಇನ್ಸುಲಿನ್ ಇಂಜೆಕ್ಷನ್ ಶುರು ಮಾಡೋಣ" ಎಂದಾಗ ದೊಡ್ಡಪ್ಪ ಒಪ್ಪಲಿಲ್ಲ. ಅವರಿಗೆ ಎರಡು ಕಾರಣಗಳಿದ್ದವು. ಒಂದು, ಆಗಿನ ಇನ್ಸುಲಿನ್ ಬರುತ್ತಿದ್ದದ್ದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. ದಿನಾ ಮಡಿಯುಟ್ಟು ಪೂಜೆ ಮಾಡುವವರಿಗೆ ಅದನ್ನು ಮೈಗೆ ಚುಚ್ಚಿಸಿಕೊಳ್ಳುವ ಯೋಚನೆಯೇ ಆಗದು. ಎರಡನೆಯದು ಬಾಯಿಬಿಟ್ಟು ಹೇಳಿದ ಮಾತು: "ಸೂಜಿ ಶುರುವಾಯ್ತು ಅಂದ್ರೆ ಮುಗೀತು ಅಂತ ಅರ್ಥ. ಊರಲ್ಲಿ ಯಾರಿಗೆ ಸೂಜಿ ಹಾಕಿದ್ರೋ ಅವರು ಯಾರೂ ಉಳೀಲಿಲ್ಲ." ಅವರ ಲೆಕ್ಕ ತಪ್ಪಿರಲಿಲ್ಲ, ತರ್ಕ ಮಾತ್ರ ತಿರುವುಮುರುವಾಗಿತ್ತು. ಕೊನೆಯ ಗಳಿಗೆಯವರೆಗೆ ಕಾದು ಸೂಜಿ ಹಾಕಿಸಿಕೊಂಡವರು ಉಳಿಯದೆ ಹೋದದ್ದಕ್ಕೆ ಕಾರಣ ಸೂಜಿಯಲ್ಲ, ಕಾದದ್ದು.

ಆರು ವರ್ಷ ಹಾಗೆಯೇ ಕಳೆಯಿತು. ತೆಂಗಿನ ತೋಟದಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಪಾದದ ಸ್ಪರ್ಶಜ್ಞಾನ ಹೋಗಿತ್ತು. ಗಾಯ ಕಪ್ಪಾಯಿತು. ಮೈಸೂರಿನ ಕೆ. ಆರ್. ಆಸ್ಪತ್ರೆಯಲ್ಲಿ 1984ರಲ್ಲಿ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಅಲ್ಲೇ ಇನ್ಸುಲಿನ್ ಶುರುವಾಯಿತು. ಊರಿಗೆ ಬಂದ ಮೇಲೆ ದೊಡ್ಡಮ್ಮ ಗಾಜಿನ ಸಿರಿಂಜನ್ನು ದಿನಾ ಸ್ಟೀಲ್ ಡಬ್ಬಿಯಲ್ಲಿ ಕುದಿಸುತ್ತಿದ್ದರು. ಫ್ರಿಜ್ಜಿಲ್ಲದ ಮನೆ. ಒದ್ದೆ ಮರಳು ತುಂಬಿದ ಮಡಕೆಯ ನಡುವೆ ಚಿಕ್ಕ ಕುಡಿಕೆಯಿಟ್ಟು ಇನ್ಸುಲಿನ್ ಬಾಟಲಿಯನ್ನು ತಂಪಾಗಿಡುತ್ತಿದ್ದರು. ಮಡಿ ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. "ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ ಹಾಗಾಯ್ತಲ್ಲೋ" ಎಂದು ದೊಡ್ಡಪ್ಪ ಒಮ್ಮೆ ನನಗೆ ಹೇಳಿದರು. ನಾನು ವೈದ್ಯನಾಗಬೇಕೆಂದು ನಿಶ್ಚಯಿಸಿದ್ದು ಆ ದಿನ.

ಮದ್ದಿಲ್ಲದ ಕಾಲ

ಈ ಕಾಯಿಲೆ ನಮ್ಮವರಿಗೆ ಹೊಸದಲ್ಲ. ಚರಕ, ಸುಶ್ರುತರ ಸಂಹಿತೆಗಳಲ್ಲಿ ಮಧುಮೇಹದ ವರ್ಣನೆಯಿದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನರು ಗಮನಿಸಿದ್ದರು. ಹುಟ್ಟಿನಿಂದ ಬರುವ, ರೋಗಿ ಕೃಶನಾಗಿರುವ ಬಗೆ ಒಂದು, ಆಹಾರ ವಿಹಾರದ ಅಪಥ್ಯದಿಂದ ಬರುವ, ರೋಗಿ ಸ್ಥೂಲನಾಗಿರುವ ಬಗೆ ಇನ್ನೊಂದು ಎಂದು ಸುಶ್ರುತನು ಬೇರ್ಪಡಿಸಿದ್ದಾನೆ. ಇಂದು ನಾವು ಟೈಪ್ ಒನ್, ಟೈಪ್ ಟೂ ಎನ್ನುವುದಕ್ಕೆ ಇದು ಬಹಳ ಹತ್ತಿರ.

ನಮ್ಮ ಷಿಕಾಗೋ ಮತ್ತು ಡೆಟ್ರಾಯಿಟ್‌ಗಳಿಗೆ ಸಂಬಂಧಿಸಿದ ಒಂದು ನೆನಪು ಇಲ್ಲಿ ಹೇಳಬೇಕು. 1892ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದು, 1893ರ ಸೆಪ್ಟೆಂಬರ್ 11ರಂದು ಷಿಕಾಗೋದಲ್ಲಿ ಮಾತನಾಡಿ, ಮರು ವರ್ಷ ಡೆಟ್ರಾಯಿಟ್‌ನಲ್ಲಿ ಉಪನ್ಯಾಸ ಕೊಟ್ಟ ಸ್ವಾಮಿ ವಿವೇಕಾನಂದರು ಮಧುಮೇಹಿಯಾಗಿದ್ದರು. 1902ರಲ್ಲಿ ತೀರಿಕೊಂಡಾಗ ಅವರ ವಯಸ್ಸು 39. ಅಷ್ಟು ದೊಡ್ಡ ಮನುಷ್ಯರಿಗೂ ಆ ಕಾಲದ ಯಾವ ವೈದ್ಯನೂ ಪಥ್ಯವನ್ನಲ್ಲದೆ ಬೇರೇನನ್ನೂ ಕೊಡುವಂತಿರಲಿಲ್ಲ. ಇನ್ಸುಲಿನ್ ಬರಲು ಇನ್ನೂ ಇಪ್ಪತ್ತು ವರ್ಷವಿತ್ತು.

ನಾಯಿಯ ಮೇದೋಜೀರಕ ಗ್ರಂಥಿ ತೆಗೆದರೆ ಅದಕ್ಕೆ ಸಕ್ಕರೆ ಕಾಯಿಲೆ ಬರುತ್ತದೆಂದು 1889ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ತೋರಿಸಿದ್ದರು. ಆದರೆ ಆ ಗ್ರಂಥಿಯ ಒಳಗಿನ ಸತ್ವವನ್ನು ಹೊರತೆಗೆಯಲು ಯಾರಿಂದಲೂ ಆಗಿರಲಿಲ್ಲ. ಅಷ್ಟರವರೆಗೆ ಇದ್ದ ಚಿಕಿತ್ಸೆ ಒಂದೇ: ಉಪವಾಸ. ಅಮೆರಿಕದ ಡಾ. ಫ್ರೆಡರಿಕ್ ಆಲೆನ್ ಮಕ್ಕಳನ್ನು ಕೆಲವು ನೂರು ಕ್ಯಾಲರಿಗಳಲ್ಲಿ ಬದುಕಿಸಿ ಇಡುತ್ತಿದ್ದರು. ಮಕ್ಕಳು ಕಾಯಿಲೆಯಿಂದ ಸಾಯುವ ಬದಲು ಹಸಿವಿನಿಂದ ನಿಧಾನವಾಗಿ ಕೃಶರಾಗುತ್ತಿದ್ದರು.

ಡೆಟ್ರಾಯಿಟ್‌ನಿಂದ ಎರಡು ಗಂಟೆಯ ದಾರಿ

ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ನಾನು ರೆಸಿಡೆನ್ಸಿಗೆ ಬಂದದ್ದು 1996ರಲ್ಲಿ, ಡೆಟ್ರಾಯಿಟ್‌ಗೆ. ರಜೆ ಸಿಕ್ಕರೆ ಸೇತುವೆ ದಾಟಿ ಕೆನಡಾದ ವಿಂಡ್ಸರ್, ಅಲ್ಲಿಂದ 401ನೇ ಹೆದ್ದಾರಿ ಹಿಡಿದು ಟೊರಾಂಟೋಗೆ ಹೋಗುವುದು ವಾಡಿಕೆ. ಆ ದಾರಿಯಲ್ಲಿ ಎರಡು ಗಂಟೆ ಕಳೆದ ಮೇಲೆ ಲಂಡನ್ ಎಂಬ ಊರು. ಅಲ್ಲಿ ಒಂದು ಹಳದಿ ಇಟ್ಟಿಗೆಯ ಮನೆ ಇಂದು ವಸ್ತುಸಂಗ್ರಹಾಲಯ. 1920ರ ಅಕ್ಟೋಬರ್ 31ರ ಬೆಳಗಿನ ಜಾವ ಎರಡು ಗಂಟೆಗೆ ಆ ಮನೆಯಲ್ಲಿ ನಿದ್ದೆ ಬಾರದ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ಯುವ ಶಸ್ತ್ರವೈದ್ಯ ಎದ್ದು ಒಂದು ಟಿಪ್ಪಣಿ ಬರೆದುಕೊಂಡ. ನಾಯಿಯ ಮೇದೋಜೀರಕ ಗ್ರಂಥಿಯ ನಾಳವನ್ನು ಕಟ್ಟಿ, ಉಳಿದ ಭಾಗದಿಂದ ಸತ್ವ ತೆಗೆಯಬೇಕೆಂಬುದು ಆ ಆಲೋಚನೆ. 'ಡಯಾಬಿಟೀಸ್' ಎಂಬ ಪದದ ಕಾಗುಣಿತವನ್ನೂ ಅವನು ತಪ್ಪಾಗಿ ಬರೆದಿದ್ದ. ಪರೀಕ್ಷೆಯಲ್ಲಿ ಸ್ಪೆಲ್ಲಿಂಗ್ ತಪ್ಪಿ ಬೈಸಿಕೊಂಡ ನಮ್ಮಂಥವರಿಗೆ ಇದು ದೊಡ್ಡ ಸಮಾಧಾನ.

1921ರ ಬೇಸಿಗೆಯಲ್ಲಿ ಟೊರಾಂಟೋ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಕೆಲಸಕ್ಕಿಳಿದರು. ವರ್ಷದ ಕೊನೆಗೆ ಜೇಮ್ಸ್ ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞ ಬಂದು ಸೇರಿಕೊಂಡರು. 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇಂಜೆಕ್ಷನ್. ಅದು ವಿಫಲ. ಚುಚ್ಚಿದ ಜಾಗ ಊದಿಕೊಂಡಿತೇ ಹೊರತು ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. ಕಾಲಿಪ್ ಹಗಲೂ ರಾತ್ರಿ ಕುಳಿತು ಶುದ್ಧಗೊಳಿಸಿದ ಮದ್ದನ್ನು ಜನವರಿ 23ರಂದು ಕೊಟ್ಟಾಗ ಸಕ್ಕರೆ ಇಳಿಯಿತು. ಸಾಯಲು ಕಾದಿದ್ದ ಹುಡುಗ ಇನ್ನೂ 13 ವರ್ಷ ಬದುಕಿದ. ಪೇಟೆಂಟನ್ನು ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ತಲಾ ಒಂದೇ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟರು. 1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್‌ರಿಗೆ ನೊಬೆಲ್ ಬಂತು. ಬ್ಯಾಂಟಿಂಗ್ ಬೆಸ್ಟ್ ಜೊತೆ, ಮೆಕ್ಲಿಯಡ್ ಕಾಲಿಪ್ ಜೊತೆ ಹಣ ಹಂಚಿಕೊಂಡರು. ಇಂಡಿಯಾನಾಪೊಲಿಸ್‌ನ ಎಲೈ ಲಿಲ್ಲಿ ಕಂಪನಿ ಇನ್ಸುಲಿನ್ ಅನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು.

ಬಚ್ಚಿಟ್ಟವರಲ್ಲಿ ನಾನೇ ಮೊದಲಿಗನಲ್ಲ

ಈ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಹುಡುಗಿಯ ಕಥೆ. ಎಲಿಜಬೆತ್ ಹ್ಯೂಸ್ ಹುಟ್ಟಿದ್ದು 1907ರಲ್ಲಿ. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ 1921ರಿಂದ ಅಮೆರಿಕದ ವಿದೇಶಾಂಗ ಸಚಿವರು, ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರು. ಹನ್ನೊಂದರ ವಯಸ್ಸಿನಲ್ಲಿ ಕಾಯಿಲೆ ಬಂತು. ಮೂರು ವರ್ಷ ಆಲೆನ್ನರ ಉಪವಾಸದ ಪಥ್ಯದಲ್ಲಿ ಜೀವ ಹಿಡಿದುಕೊಂಡಳು. 1922ರ ಆಗಸ್ಟಿನಲ್ಲಿ ಟೊರಾಂಟೋಗೆ ಬಂದಾಗ ಹದಿನೈದು ತುಂಬುತ್ತಿದ್ದ ಆ ಹುಡುಗಿಯ ತೂಕ ಸುಮಾರು 45 ಪೌಂಡ್, ಎಂದರೆ 20 ಕಿಲೋ. ಬ್ಯಾಂಟಿಂಗ್ ಕೈಯಿಂದ ಇನ್ಸುಲಿನ್ ಸಿಕ್ಕ ಕೆಲವು ವಾರಗಳಲ್ಲೇ ಬ್ರೆಡ್ಡು, ಆಲೂಗಡ್ಡೆ ತಿನ್ನತೊಡಗಿದಳು.

ಆಮೇಲೆ ಆಕೆ ಓದಿದಳು, ಮದುವೆಯಾದಳು, ಮೂವರು ಮಕ್ಕಳ ತಾಯಿಯಾದಳು. ಪತಿ ವಿಲಿಯಂ ಗಾಸೆಟ್ ಮುಂದೆ ಫೋರ್ಡ್ ಮೋಟಾರ್ ಕಂಪನಿಯ ಪ್ರಧಾನ ವಕೀಲರಾದ ಕಾರಣ ಅವರು ನೆಲೆಸಿದ್ದು ಡೆಟ್ರಾಯಿಟ್‌ನ ಹೊರವಲಯದಲ್ಲಿ. ಅಂದರೆ ನಮ್ಮ ಮಿಷಿಗನ್ ಕನ್ನಡಿಗರು ಇಂದು ವಾಸಿಸುವ ಊರುಗಳ ನೆರೆಯಲ್ಲೇ. ಬದುಕಿನಲ್ಲಿ ಸುಮಾರು 42,000 ಬಾರಿ ಇನ್ಸುಲಿನ್ ಚುಚ್ಚಿಕೊಂಡು ಆಕೆ ತೀರಿಕೊಂಡದ್ದು 1981ರಲ್ಲಿ, 73ರ ವಯಸ್ಸಿಗೆ.

ಆದರೆ ಇದನ್ನು ಕೇಳಿ. ಇಷ್ಟು ವರ್ಷ ಆಕೆ ತನ್ನ ಕಾಯಿಲೆಯನ್ನು ಹೊರಗಿನವರಿಂದ ಮುಚ್ಚಿಟ್ಟಿದ್ದರು. ಆಪ್ತ ಸ್ನೇಹಿತರಿಗೂ ಗೊತ್ತಿರಲಿಲ್ಲ. ಇನ್ಸುಲಿನ್ ಚರಿತ್ರೆ ಬರೆಯುತ್ತಿದ್ದ ಟೊರಾಂಟೋದ ಇತಿಹಾಸಕಾರ ಮೈಕೇಲ್ ಬ್ಲಿಸ್ ಆಕೆಯನ್ನು ಹುಡುಕಿಕೊಂಡು ಬಂದ ಮೇಲೆಯೇ ಕಥೆ ಹೊರಬಿದ್ದದ್ದು. ಜಗತ್ತಿನ ಅತ್ಯಂತ ದೊಡ್ಡ ವೈದ್ಯಕೀಯ ವಿಜಯದ ಸಾಕ್ಷಿಯಾಗಿ ನಿಲ್ಲಬಹುದಾಗಿದ್ದ ಹೆಂಗಸು ಸೂಜಿಯನ್ನು ಬಚ್ಚಿಟ್ಟು ಬದುಕಿದರು. ನಾನು ಆಕೆಯನ್ನು ದೂರುವುದಿಲ್ಲ. ಮದುವೆ, ನೌಕರಿ, ವಿಮೆ ಎಲ್ಲಕ್ಕೂ ಆಗ ಕಾಯಿಲೆ ಅಡ್ಡ ಬರುತ್ತಿತ್ತು. ಆದರೂ ಆಕೆ ಮತ್ತು ನಮ್ಮ ದೊಡ್ಡಪ್ಪನ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಆಕೆ ಬಚ್ಚಿಟ್ಟರೂ ಚುಚ್ಚಿಕೊಳ್ಳುವುದನ್ನು ಬಿಡಲಿಲ್ಲ. ನಮ್ಮಲ್ಲಿ ಬಚ್ಚಿಡುವುದು ಬಹುಪಾಲು ಮುಂದೂಡುವುದಾಗಿಬಿಡುತ್ತದೆ.

ದನದಿಂದ ಬ್ಯಾಕ್ಟೀರಿಯಾಕ್ಕೆ, ಬೆಂಗಳೂರಿಗೆ

ಟೈಪ್ ಟೂ ಕಾಯಿಲೆಯಲ್ಲಿ ಇನ್ಸುಲಿನ್ ಇಲ್ಲವೆಂದೇ ಅಲ್ಲ, ಎಷ್ಟೋ ಜನರಲ್ಲಿ ಅದು ಬೇಕಾದಷ್ಟಿದ್ದೂ ದೇಹ ಅದರ ಮಾತು ಕೇಳುವುದಿಲ್ಲ. ಇದನ್ನು ಅಳತೆ ಮಾಡಿ ತೋರಿಸಿದವರು ನಮ್ಮ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1945ರಲ್ಲಿ ಡಾಕ್ಟರೇಟ್ ಪಡೆದ ರೋಸಲಿನ್ ಯಾಲೋ. ನ್ಯೂಯಾರ್ಕಿನ ಬ್ರಾಂಕ್ಸ್ ವೆಟರನ್ಸ್ ಆಸ್ಪತ್ರೆಯಲ್ಲಿ ಸಾಲೊಮನ್ ಬರ್ಸನ್ ಜೊತೆ ಅವರು ರಕ್ತದಲ್ಲಿನ ಇನ್ಸುಲಿನ್ ಅಳೆಯುವ ವಿಧಾನ ಕಂಡುಹಿಡಿದರು. 1977ರಲ್ಲಿ ಆಕೆಗೆ ನೊಬೆಲ್ ಬಂತು. ಇನ್ಸುಲಿನ್ ದೇಹದಲ್ಲಿ ಮೊದಲು ಉದ್ದನೆಯ ಒಂದೇ ಸರಪಳಿಯಾಗಿ ತಯಾರಾಗುತ್ತದೆಂದು 1967ರಲ್ಲಿ ತೋರಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ಟೈನರ್.

ದೊಡ್ಡಪ್ಪನ ಮಡಿಯ ತೊಡಕು ಬಗೆಹರಿದದ್ದು 1978ರಲ್ಲಿ. ಮನುಷ್ಯರ ಇನ್ಸುಲಿನ್ನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಕ್ಯಾಲಿಫೋರ್ನಿಯಾದಲ್ಲಿ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅಮೆರಿಕದಲ್ಲಿ 'ಹ್ಯೂಮುಲಿನ್'ಗೆ ಒಪ್ಪಿಗೆ ಸಿಕ್ಕಿತು. ನಮ್ಮೂರಿಗೆ ಅದು ತಡವಾಗಿ ಬಂತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಕಂಪನಿಯೇ ಯೀಸ್ಟ್ ಜಾತಿಯ ಜೀವಿಯಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. 2021ರ ಜುಲೈನಲ್ಲಿ ಬಯೋಕಾನ್ ಪಾಲುದಾರಿಕೆಯ 'ಸೆಮ್‌ಗ್ಲೀ' ಇನ್ಸುಲಿನ್, ಮೂಲ ಮದ್ದಿನ ಬದಲಿಗೆ ಫಾರ್ಮಸಿಯಲ್ಲೇ ಕೊಡಬಹುದಾದ ಮೊದಲ ಬದಲಿ ಇನ್ಸುಲಿನ್ ಎಂದು ಇಲ್ಲಿನ ಎಫ್‌ಡಿಎ ಮನ್ನಣೆ ಪಡೆಯಿತು. ಟೊರಾಂಟೋದಲ್ಲಿ ಹುಟ್ಟಿದ ಮದ್ದು ಬೆಂಗಳೂರು ಸುತ್ತಿ ಷಿಕಾಗೋಗೆ ಬಂತು.

ಇಲ್ಲಿ ಒಂದು ಎಚ್ಚರಿಕೆ. ಬೇಸಿಗೆಗೆ ಊರಿನಿಂದ ತಂದೆ ತಾಯಿ ಬರುವ ಮನೆಗಳು ದಯವಿಟ್ಟು ಗಮನಿಸಬೇಕು. ಊರಿನ ಇನ್ಸುಲಿನ್ ಬಾಟಲಿಗಳು ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಶಕ್ತಿಯವು, ಇಲ್ಲಿನವು 100. ಸಿರಿಂಜುಗಳೂ ಹಾಗೆಯೇ ಬೇರೆ ಬೇರೆ. ಊರಿನ ಬಾಟಲಿಯಿಂದ ಇಲ್ಲಿನ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಸೇರುವುದು 8 ಯೂನಿಟ್ ಮಾತ್ರ. ಇಲ್ಲಿನ ಬಾಟಲಿಯಿಂದ ಊರಿನ ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್ ಸೇರುತ್ತದೆ, ಅದು ಪ್ರಾಣಾಂತಿಕ. ಬಾಟಲಿಯೂ ಸಿರಿಂಜೂ ಒಂದೇ ಊರಿನವಾಗಿರಲಿ.

ಹಲ್ಲಿಯ ಶಕುನ

ಇನ್ನು ನನ್ನ ಫ್ರಿಜ್ಜಿನ ಮದ್ದಿನ ವಂಶಾವಳಿ. ಇದು ಇನ್ಸುಲಿನ್ ಅಲ್ಲ. ಸಕ್ಕರೆಯನ್ನು ರಕ್ತನಾಳಕ್ಕೆ ಕೊಟ್ಟರೆ ಬರುವುದಕ್ಕಿಂತ ಬಾಯಿಗೆ ಕೊಟ್ಟರೆ ದೇಹದಲ್ಲಿ ಹೆಚ್ಚು ಇನ್ಸುಲಿನ್ ಬರುತ್ತದೆಂದು 1964ರಲ್ಲಿ ಗೊತ್ತಾಯಿತು. ಅಂದರೆ ಊಟ ಬಂದಿದೆಯೆಂದು ಕರುಳೇ ಮೇದೋಜೀರಕ ಗ್ರಂಥಿಗೆ ಸುದ್ದಿ ಕಳುಹಿಸುತ್ತದೆ. ಆ ಸುದ್ದಿಗಾರರಲ್ಲಿ ಒಂದಾದ 'ಜಿಎಲ್‌ಪಿ-ಒನ್' ಎಂಬ ಹಾರ್ಮೋನನ್ನು 1980ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಜೋಯೆಲ್ ಹ್ಯಾಬನರ್, ಸ್ವೆಟ್‌ಲಾನಾ ಮೊಯ್‌ಸೊವ್, ಡೇನಿಯಲ್ ಡ್ರಕರ್, ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹೋಲ್ಸ್ಟ್ ಮೊದಲಾದವರು ಅರಿತರು. ತೊಡಕೆಂದರೆ ಅದು ರಕ್ತದಲ್ಲಿ ಒಂದೆರಡು ನಿಮಿಷವೂ ನಿಲ್ಲುವುದಿಲ್ಲ.

ದಾರಿ ತೋರಿಸಿದ್ದು ಒಂದು ಹಲ್ಲಿ. ಯಾಲೋ ಅವರ ಬ್ರಾಂಕ್ಸ್ ಆಸ್ಪತ್ರೆಯಲ್ಲೇ ಇದ್ದ ಡಾ. ಜಾನ್ ಇಂಗ್, ಅರಿಜೋನಾ ಕಡೆಯ ಮರುಭೂಮಿಯ 'ಹೀಲಾ ಮಾನ್‌ಸ್ಟರ್' ಎಂಬ ವಿಷದ ದೊಡ್ಡ ಹಲ್ಲಿಯ ವಿಷದಲ್ಲಿ ಈ ಹಾರ್ಮೋನನ್ನೇ ಹೋಲುವ, ಆದರೆ ಹೆಚ್ಚು ಹೊತ್ತು ಬಾಳುವ ಒಂದು ಪದಾರ್ಥವನ್ನು ಕಂಡು 1992ರಲ್ಲಿ ಪ್ರಕಟಿಸಿದರು. ಅದರಿಂದ ಬಂದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಹಲ್ಲಿ ಲೊಚಗುಟ್ಟಿದರೆ 'ಕೃಷ್ಣ ಕೃಷ್ಣ' ಎಂದು ನೆಲ ಕುಟ್ಟುವ ನಮ್ಮ ದೊಡ್ಡಮ್ಮನಿಗೆ ಇದನ್ನು ಹೇಳಿದ್ದರೆ ಶುಭಶಕುನವೆಂದೇ ಅನ್ನುತ್ತಿದ್ದರು.

ಎಕ್ಸೆನಟೈಡ್ ದಿನಕ್ಕೆ ಎರಡು ಸಲ ಚುಚ್ಚಬೇಕಿತ್ತು. ಡೆನ್ಮಾರ್ಕಿನ ನೋವೋ ನಾರ್ಡಿಸ್ಕ್ ಕಂಪನಿಯಲ್ಲಿ ಲೋಟ್ಟೆ ಬ್ಯೆರೆ ಕ್ನುಡ್ಸನ್ ಮತ್ತು ಸಂಗಡಿಗರು ಜಿಎಲ್‌ಪಿ-ಒನ್‌ಗೇ ಒಂದು ಕೊಬ್ಬಿನಾಮ್ಲದ ಬಾಲ ಅಂಟಿಸಿ ರಕ್ತದ ಪ್ರೋಟೀನಿಗೆ ಜೋತುಬೀಳುವಂತೆ ಮಾಡಿದರು. ಹೀಗೆ ಬಂದ ಲಿರಾಗ್ಲುಟೈಡ್ (ಇಲ್ಲಿ 2010) ದಿನಕ್ಕೊಮ್ಮೆ, ಸೆಮಾಗ್ಲುಟೈಡ್ (2017) ವಾರಕ್ಕೊಮ್ಮೆ. ಎರಡು ಹಾರ್ಮೋನುಗಳ ಕೆಲಸವನ್ನು ಒಂದೇ ಅಣು ಮಾಡುವ ಟಿರ್ಜೆಪಟೈಡ್‌ಗೆ 2022ರ ಮೇನಲ್ಲಿ ಒಪ್ಪಿಗೆ ಸಿಕ್ಕಿತು. ತಯಾರಕರು ನೂರು ವರ್ಷದ ಹಿಂದಿನ ಅದೇ ಇಂಡಿಯಾನಾಪೊಲಿಸ್‌ನ ಲಿಲ್ಲಿ. 2025ರ ಮಾರ್ಚ್‌ನಲ್ಲಿ ಅದು ಭಾರತದ ಮಾರುಕಟ್ಟೆಗೂ ಬಂತು.

ಇನ್ನೊಂದು ದೋಸೆ?

ಇವೆಲ್ಲ ಓದಿನ ಮಾತು. ಹೊಟ್ಟೆಯ ಮಾತೇ ಬೇರೆ. ಈ ಮದ್ದು ಜಠರ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಮೆದುಳಿಗೆ ಸಾಕೆಂದು ಹೇಳುತ್ತದೆ. ಮೊದಲ ವಾರ ಎಂದಿನಂತೆ ಮೂರು ದೋಸೆ ತಿಂದು ರಾತ್ರಿಯಿಡೀ ಹೊಟ್ಟೆ ತೊಳಸಿತು. ಎರಡನೆಯ ವಾರ ಎರಡಕ್ಕಿಳಿದೆ. ನಾಲ್ಕನೆಯ ವಾರ ಒಂದೂವರೆಗೆ ಹೊಟ್ಟೆ ಸಾಕೆಂದಿತು. ಕಾರಣ ಗೊತ್ತಿರದ ಶ್ರೀಮತಿ "ಉಪ್ಪು ಹೆಚ್ಚಾಯ್ತಾ?" ಎಂದು ಕೇಳುತ್ತಿದ್ದಳು. ಒಬ್ಬ ಗಂಡಸು ಊಟ ಕಡಿಮೆ ಮಾಡಿದರೆ ನಮ್ಮಲ್ಲಿ ಅದು ಅಡುಗೆಯ ಮೇಲಿನ ಟೀಕೆ. ಬಚ್ಚಿಟ್ಟದ್ದರ ಮೊದಲ ದಂಡ ಅದು.

ಎರಡನೆಯದು ಇನ್ನೂ ಅಪಾಯದ್ದು. ನನ್ನ ಹಳೆಯ ಮಾತ್ರೆಗಳಲ್ಲಿ ಒಂದು, ಗ್ಲಿಮೆಪಿರೈಡ್, ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆ ಇಳಿಸುವಂಥದು. ಅದನ್ನು ಅರ್ಧ ಮಾಡಿಕೊಳ್ಳಿ ಎಂದು ಹೇಳಿದ್ದರೂ ನಾನು ಮಾಡಿರಲಿಲ್ಲ. ಮೂರನೆಯ ವಾರ, ಡಬ್ಬಿ ಸಿಕ್ಕಿಬೀಳುವ ಹಿಂದಿನ ದಿನ, ಆರ್ಮಿ ಟ್ರೇಲ್ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಾಗ ಕೈ ನಡುಗಿ, ಬೆವರಿ, ಕಣ್ಣು ಮಂಜಾಯಿತು. ಬದಿಗೆ ನಿಲ್ಲಿಸಿ ಗ್ಲವ್ ಬಾಕ್ಸಿನಲ್ಲಿದ್ದ ಸಕ್ಕರೆ ಮಾತ್ರೆ ತಿಂದೆ. ಅಂದು ಮನೆಯವರಿಗೆ ಗೊತ್ತಿದ್ದಿದ್ದರೆ "ಆ ಮಾತ್ರೆ ಕಡಿಮೆ ಮಾಡಿದ್ರಾ?" ಎಂದು ಒಬ್ಬರಾದರೂ ಕೇಳುತ್ತಿದ್ದರು.

ಹೊಂದಿಕೊಳ್ಳುವುದಕ್ಕೆ ನಾನು ಕಲಿತದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಚಿಕ್ಕ ಪ್ರಮಾಣದಿಂದಲೇ ಶುರು. ನನ್ನ ಮದ್ದಿನಲ್ಲಿ 2.5 ಮಿಲಿಗ್ರಾಂ, ನಾಲ್ಕು ವಾರದ ಮೇಲೆ 5. ಅವಸರ ಬೇಡ. ಬಡಿಸಿದ್ದರಲ್ಲಿ ಮೊದಲು ಕಾಳು, ಪಲ್ಯ, ಮೊಸರು, ಆಮೇಲೆ ಅನ್ನ. ಇಲ್ಲದಿದ್ದರೆ ಅನ್ನಕ್ಕೇ ಹೊಟ್ಟೆ ತುಂಬಿ ಪ್ರೋಟೀನು ಸಾಲದೆ ಮಾಂಸಖಂಡ ಕರಗುತ್ತದೆ. ಕರಿದದ್ದು ತಿಂದ ರಾತ್ರಿ ವಾಕರಿಕೆ ಖಂಡಿತ. ನೀರು ಮರೆಯಬೇಡಿ, ಮಲಬದ್ಧತೆ ಸಾಮಾನ್ಯ. ಬಿಡದೆ ಹೊಟ್ಟೆನೋವು, ವಾಂತಿ ಬಂದರೆ ಮನೆಮದ್ದು ಮಾಡುತ್ತ ಕೂರದೆ ವೈದ್ಯರನ್ನು ಕಾಣಿ. ಅದು ಮೇದೋಜೀರಕ ಗ್ರಂಥಿಯ ಉರಿಯೂತ ಅಥವಾ ಪಿತ್ತಕೋಶದ ತೊಂದರೆ ಇರಬಹುದು. ಶುರು ಮಾಡುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. 2016ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಅಧ್ಯಯನದಲ್ಲಿ ಅಕ್ಷಿಪಟಲದ ತೊಡಕು ಕೆಲವರಲ್ಲಿ ಹೆಚ್ಚಾಗಿ ಕಂಡಿತ್ತು. ಮೆಡುಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿದ್ದವರಿಗೆ ಈ ಮದ್ದು ಬೇಡ. ಶಸ್ತ್ರಚಿಕಿತ್ಸೆಗೆ ಹೋಗುವಾಗ ಅರಿವಳಿಕೆ ಕೊಡುವವರಿಗೆ ತಪ್ಪದೆ ತಿಳಿಸಿ. ಟೈಪ್ ಒನ್ ಇರುವವರಿಗೆ ಇದು ಇನ್ಸುಲಿನ್ನಿನ ಬದಲಿಯಲ್ಲ. ಏಕಾದಶಿ, ಶಿವರಾತ್ರಿ ಉಪವಾಸ ಮಾಡುವವರು ಹಳೆಯ ಮಾತ್ರೆಗಳ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಇನ್ನು ಅತಿಥಿ ಸತ್ಕಾರ. ಕೂಟದ ಯುಗಾದಿ ಊಟದಲ್ಲಿ "ಇನ್ನೊಂದೇ ಒಂದು ಹೋಳಿಗೆ, ನನ್ನಾಣೆ" ಎನ್ನುವ ಅಕ್ಕಂದಿರಿಗೆ ಒಂದು ಬಿನ್ನಹ. ಬೇಡವೆಂದವರನ್ನು ಬಿಟ್ಟುಬಿಡಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು, ಬಡಿಸಬಲ್ಲವರಿಗೂ ಆ ಮಾತು ಸಲ್ಲುತ್ತದೆ.

ಇದು ನಮ್ಮ ಬೀದಿಯ ಲೆಕ್ಕ

ಇದು ಒಬ್ಬಿಬ್ಬರ ಕಥೆಯಲ್ಲ. ನಮ್ಮ ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ 2010ರಿಂದ 2013ರವರೆಗೆ ದಕ್ಷಿಣ ಏಷ್ಯಾ ಮೂಲದ 906 ಮಂದಿಯನ್ನು 'ಮಸಾಲಾ' ಎಂಬ ಹೆಸರಿನ ಅಧ್ಯಯನಕ್ಕೆ ಸೇರಿಸಿಕೊಂಡವು. ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೂ ನಮ್ಮವರಲ್ಲಿ ನೂರಕ್ಕೆ 23 ಮಂದಿಗೆ ಸಕ್ಕರೆ ಕಾಯಿಲೆ. ಹೋಲಿಸಿ ನೋಡಿದ ಬಿಳಿಯರಲ್ಲಿ 6, ಕರಿಯರಲ್ಲಿ 18. ತೆಳ್ಳಗಿದ್ದೇವೆ ಎಂಬ ಧೈರ್ಯವೂ ನಮಗಿಲ್ಲ. ಏಷ್ಯಾ ಮೂಲದವರಿಗೆ ಬಿಎಂಐ 23 ದಾಟಿದರೆ ಪರೀಕ್ಷೆ ಮಾಡಬೇಕೆಂದು ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ನಮ್ಮ ಕೂಟದ ಒಂದು ಪಂಕ್ತಿಯಲ್ಲಿ ಕೂತವರನ್ನು ಎಣಿಸಿದರೆ ನಾಲ್ಕರಲ್ಲಿ ಒಬ್ಬರು. ಆದರೂ ಯಾರ ಫ್ರಿಜ್ಜಿನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ.

ಈ ಹೊಸ ಮದ್ದು ದುಬಾರಿ. ಎಲ್ಲರ ವಿಮೆಯೂ ಕೊಡುವುದಿಲ್ಲ, ಎಲ್ಲರಿಗೂ ಒಗ್ಗುವುದಿಲ್ಲ, ಮಾತ್ರೆಯಲ್ಲೇ ಹತೋಟಿಯಲ್ಲಿರುವವರಿಗೆ ಬೇಕಾಗಿಯೂ ಇಲ್ಲ. ನಾನು ಯಾವ ಮದ್ದಿನ ಪ್ರಚಾರಕ್ಕೂ ಬರೆಯುತ್ತಿಲ್ಲ. ಸೂಜಿ ಬೇಕೆಂದು ವೈದ್ಯರು ಹೇಳಿದ ದಿನದಿಂದ ನಾವು ಅದನ್ನು ಒಪ್ಪಿಕೊಳ್ಳುವ ದಿನದವರೆಗೆ ಕಳೆಯುವ ಕಾಲದ ಬಗ್ಗೆ ಬರೆಯುತ್ತಿದ್ದೇನೆ. ಲೆನಾರ್ಡನಿಗೆ ಆ ಅಂತರ ಹನ್ನೆರಡು ದಿನ, ಅದೂ ಮದ್ದು ಸರಿಯಿರಲಿಲ್ಲವೆಂದು. ನಮ್ಮ ದೊಡ್ಡಪ್ಪನಿಗೆ ಆರು ವರ್ಷ.

ಕಳೆದ ತಿಂಗಳು ಭಾನುವಾರ ರಾತ್ರಿ, ಊರಿನಲ್ಲಿ ಸೋಮವಾರ ಬೆಳಿಗ್ಗೆ, ದೊಡ್ಡಪ್ಪನ ಮಗ ಅಣ್ಣನ ಫೋನು ಬಂತು. ಅವನಿಗೂ ಹಾಸನದಲ್ಲಿ ಇನ್ಸುಲಿನ್ ಬರೆದುಕೊಟ್ಟಿದ್ದಾರೆ, ಎಂಟು ತಿಂಗಳಿನಿಂದ ಚೀಟಿ ಜೇಬಿನಲ್ಲಿದೆ. "ಇನ್ನೊಂದು ಸ್ವಲ್ಪ ದಿನ ನೋಡೋಣ ಅಂತ. ಸೂಜಿ ಶುರುವಾದ್ರೆ ಗೊತ್ತಲ್ಲ ನಿನಗೆ" ಎಂದ. ಮೂವತ್ತು ವರ್ಷದ ವೈದ್ಯಕೀಯದಲ್ಲಿ ನಾನು ಇದಕ್ಕೆ ಹೇಳುವ ಉತ್ತರ ಬಾಯಿಪಾಠವಾಗಿದೆ. ಅಂದು ಅದನ್ನು ಹೇಳಲಿಲ್ಲ. "ಅಣ್ಣಾ, ನಾನೂ ಶುರು ಮಾಡಿದೀನಿ. ಈಗ ಊಟದ ಮೇಜಿನ ಮೇಲೇ ಇದೆ. ನಿನ್ನ ಜೊತೆ ಮಾತಾಡ್ತಾನೇ ಚುಚ್ಚಿಕೊಳ್ತೀನಿ, ಕೇಳಿಸ್ಕೋ" ಎಂದು ಫೋನು ಹತ್ತಿರ ಹಿಡಿದು ಪೆನ್ನನ್ನು ಹೊಟ್ಟೆಗೆ ಒತ್ತಿದೆ. ಒಂದು ಟಿಕ್, ಕೆಲವು ಕ್ಷಣದ ಮೇಲೆ ಇನ್ನೊಂದು ಟಿಕ್. ಅಷ್ಟೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಮುಗೀತಾ?" ಎಂದ. "ಮುಗೀತು." "ನೋವಾಗಲಿಲ್ವಾ?" "ಸೊಳ್ಳೆ ಕಚ್ಚಿದಷ್ಟೂ ಇಲ್ಲ." ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಅಪ್ಪಂಗೆ ಯಾರೂ ಹೀಗೆ ತೋರಿಸಲಿಲ್ಲ ಕಣೋ" ಎಂದ. ಆ ವಾರವೇ ಅವನು ಇನ್ಸುಲಿನ್ ಶುರು ಮಾಡಿದ.

ನನ್ನ ಡಬ್ಬಿ ಈಗ ಕರಿಬೇವಿನ ಹಿಂದೆ ಇಲ್ಲ. ಫ್ರಿಜ್ಜಿನ ಮೇಲಿನ ಅರೆಯಲ್ಲಿ, ಮೊಸರಿನ ಡಬ್ಬಿಯ ಪಕ್ಕದಲ್ಲಿ, ಬಾಗಿಲು ತೆರೆದವರಿಗೆಲ್ಲ ಕಾಣುವ ಹಾಗೆ ಇದೆ. ನಮ್ಮ ಮನೆಗೆ ಬಂದವರು ನೋಡಿ ಕೇಳಬಹುದು. ಕೇಳಿದವರಿಗೆ ಕಾಫಿಯ ಜೊತೆ ಈ ಕಥೆಯನ್ನೂ ಹೇಳುತ್ತೇನೆ. ಕಾಫಿಗೆ ಸಕ್ಕರೆ ಮಾತ್ರ ನೀವೇ ಹಾಕಿಕೊಳ್ಳಬೇಕು.